ಫಾರಂನಲ್ಲಿ ಸುರಂಗಕ್ಕೆ ಕಾಲಂ ಇರಲಿಲ್ಲ

ಹಳೆಯ ಅಡಂಗಲ್, ಅಂದರೆ ಜಮೀನಿನ ಕಂದಾಯ ದಾಖಲೆ, ಓದಲು ಬರುವ ಒಬ್ಬರು ಬೇಕಾಗಿತ್ತು. ಹಾಗಾಗಿ ನನಗೆ ಆ ಕೆಲಸ ಸಿಕ್ಕಿತು.

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೂರ್ವಕ್ಕೆ, ಕರ್ನಾಟಕದ ಗಡಿಯ ಕಡೆಗೆ ಒಂದು ಹೊಸ ಸಂಪರ್ಕ ರಸ್ತೆಯ ಪ್ಲಾನ್ ಆಗಿತ್ತು. ಉದ್ದ 14 ಕಿಲೋಮೀಟರ್. ರಸ್ತೆಯ ವರದಿ ತಯಾರಿಸುತ್ತಿದ್ದ ಕಂಪನಿಯವರು ಅದರಲ್ಲಿ ಪುರಾತನ ತಾಣಗಳ ಬಗ್ಗೆ ಒಂದು ಅಧ್ಯಾಯ ಸೇರಿಸಬೇಕಿತ್ತು. ಅದಕ್ಕೆ ನಾಲ್ಕು ಜನರನ್ನು ತಿರುವನಂತಪುರ ಕಡೆಯಿಂದ ಕರೆಸಿದ್ದರು. ಅವರು ಇಲ್ಲಿಗೆ ಬಂದು ದಾಖಲೆ ಕೋಣೆಗೆ ಹೋಗಿ ನೋಡಿದರೆ ಕಾಗದಗಳೆಲ್ಲ ಕನ್ನಡದಲ್ಲಿ! ಕಾಸರಗೋಡು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು ಅಂತ ಅವರಿಗೆ ಗೊತ್ತಿತ್ತು. ಅದರ ಬಿಸಿ ತಟ್ಟಿದ್ದು ಮಾತ್ರ ಆವತ್ತು. ಇತಿಹಾಸದಲ್ಲಿ ಎಂ.ಎ. ಮಾಡಿ, ಟ್ಯೂಷನ್ ಹೇಳಿಕೊಂಡು, ಅಡಿಕೆ ಸುಲಿಯುತ್ತಾ ಕೂತಿದ್ದ ನನಗೆ ಯಾರೋ ಫೋನ್ ಮಾಡಿದರು. ದಿನಗೂಲಿ, ಊಟ, ಜೀಪು. ಒಪ್ಪಿಕೊಂಡೆ.

ಮೊದಲ ಎರಡು ವಾರ ಬರೀ ಕಾಗದ. 1:50,000 ಅಳತೆಯ ಟೋಪೋಶೀಟ್ ಹರಡಿ, ಅದರ ಮೇಲೆ ರಸ್ತೆಯ ಗೆರೆ ಎಳೆದು, ಆ ಗೆರೆಯ ಆಚೀಚೆ ಏನೇನಿದೆ ಅಂತ ಹುಡುಕುವುದು. 1882ರಲ್ಲಿ ರಾಬರ್ಟ್ ಸೆವೆಲ್ ಎಂಬ ಅಧಿಕಾರಿ ಮದ್ರಾಸ್ ಪ್ರಾಂತ್ಯದ ಹಳೆಯ ಅವಶೇಷಗಳ ದೊಡ್ಡ ಪಟ್ಟಿ ಮಾಡಿದ್ದ. ಸೌತ್ ಕೆನರಾದ, ಅಂದರೆ ಆಗಿನ ದಕ್ಷಿಣ ಕನ್ನಡದ, ಪುಟಗಳನ್ನು ತೆಗೆದು ನೋಡಿದೆವು. ನಮ್ಮ ಗೆರೆಯ ಮೇಲೆ ಏನೂ ಇರಲಿಲ್ಲ. ಆತನೇನು ಗುಡ್ಡೆ ಗುಡ್ಡೆ ಸುತ್ತಿದವನಲ್ಲ, ಜಿಲ್ಲೆಗಳಿಂದ ಬಂದ ಮಾಹಿತಿಯನ್ನೇ ಜಾಸ್ತಿ ನೆಚ್ಚಿಕೊಂಡವ. ಪಟ್ಟಿಯಲ್ಲಿ ಇಲ್ಲ ಅಂದರೆ ಹೇಳಿದವರು ಇರಲಿಲ್ಲ ಅಂತ ಅಷ್ಟೆ.

ನನಗೆ ಖುಷಿ ಕೊಟ್ಟದ್ದು ಜಾಗದ ಹೆಸರುಗಳು. ಬೀಡು, ಕೋಟೆ, ಬಸ್ತಿ, ಕಟ್ಟೆ, ಪಳ್ಳ, ಪಾರೆ ಅಂತೆಲ್ಲ ಬಂದರೆ ಪೆನ್ಸಿಲಿನಲ್ಲಿ ಒಂದು ಸುತ್ತು ಹಾಕುತ್ತಿದ್ದೆ. ಬೀಡು ಅಂದರೆ ಒಂದು ಕಾಲದಲ್ಲಿ ದೊಡ್ಡ ಮನೆ ಇದ್ದ ಜಾಗ. ಪಳ್ಳ ಅಂದರೆ ಕಲ್ಲಿನ ಬಯಲಿನಲ್ಲಿ ನೀರು ನಿಲ್ಲುವ ಹೊಂಡ, ಅದರ ಸುತ್ತ ಹಿಂದಿನವರು ಓಡಾಡಿರಲೇಬೇಕು. ಹೊಸ ನಕ್ಷೆಗಳಲ್ಲಿ ಈ ಹೆಸರುಗಳು ಮಲಯಾಳದ ಬಾಯಿಗೆ ಬಂದ ಹಾಗೆ ತಿರುಗಿವೆ. ಪಿಲಿಕುಂಜೆ ಪುಲಿಕುನ್ನು ಆದರೆ ನಷ್ಟವಿಲ್ಲ, ಹುಲಿ ಅಲ್ಲೇ ಇದೆ. ಆದರೆ ತುಳುವಿನಲ್ಲಿ ದೊಡ್ಡದು ಎಂಬ ಅರ್ಥದ ಮಲ್ಲಕ್ಕೆ ಬಾಲ ಸೇರಿ ಮಲ್ಲಂ ಆದರೆ ಏನು ದೊಡ್ಡದು, ಯಾಕೆ ದೊಡ್ಡದು ಅಂತ ಕೇಳುವ ದಾರಿಯೇ ಮುಚ್ಚಿತು. ಅಡಂಗಲ್ಲಿನ ಹೆಸರು, ನಕ್ಷೆಯ ಹೆಸರು, ಊರವರು ಕರೆಯುವ ಹೆಸರು, ಈ ಮೂರನ್ನೂ ಒಂದೇ ಸಾಲಿಗೆ ತರುವುದೇ ನನ್ನ ಅರ್ಧ ಕೆಲಸ.

ಕಾನೂನಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಪ್ರತಿ ರಸ್ತೆಗೂ ಮೊದಲು ಪುರಾತತ್ತ್ವ ಸರ್ವೆ ಆಗಲೇಬೇಕು ಅನ್ನುವ ನೇರ ನಿಯಮ ನಮ್ಮಲ್ಲಿ ಇಲ್ಲ. 1958ರ ಪುರಾತನ ಸ್ಮಾರಕಗಳ ಕಾಯ್ದೆ, ಅದಕ್ಕೆ 2010ರಲ್ಲಿ ಆದ ತಿದ್ದುಪಡಿ, ಇವೆರಡೂ ನೋಡುವುದು ಸಂರಕ್ಷಿತ ಸ್ಮಾರಕಗಳನ್ನು. ಬೇಕಲ ಕೋಟೆಯಂಥ ಜಾಗದ ಸುತ್ತ 100 ಮೀಟರ್ ಏನೂ ಕಟ್ಟುವ ಹಾಗಿಲ್ಲ, ಅದರಾಚೆಗಿನ 200 ಮೀಟರಿನಲ್ಲಿ ಅನುಮತಿ ಬೇಕು. ಕೋಟೆ ಪಟ್ಟಿಯಲ್ಲಿದೆ, ಸರಿ. ಪಟ್ಟಿಯಲ್ಲಿ ಇಲ್ಲದ್ದು? ಅದನ್ನು ಯಾರಾದರೂ ನೋಡಿ, ಬರೆದು, ಮೇಲಿನವರಿಗೆ ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ನಮ್ಮ ಕೆಲಸ ಅದು.

ಮೂರನೇ ವಾರ ಗುಡ್ಡೆ ಹತ್ತಿದೆವು. ಜನವರಿ ಕೊನೆ. ಅದಕ್ಕಿಂತ ಮೊದಲು ಹೋದರೆ ಪದವಿನಲ್ಲಿ, ಅಂದರೆ ಗುಡ್ಡೆಯ ಮೇಲಿನ ಕಲ್ಲಿನ ಬಯಲಿನಲ್ಲಿ, ಮುಳಿಹುಲ್ಲು ಎದೆಯವರೆಗೆ ಇರುತ್ತದೆ, ನೆಲವೇ ಕಾಣುವುದಿಲ್ಲ. ಐದು ಜನ ಹತ್ತು ಹತ್ತು ಮೀಟರ್ ಅಂತರದಲ್ಲಿ ಸಾಲಾಗಿ ನಿಂತು ಒಂದೇ ವೇಗದಲ್ಲಿ ನಡೆಯುವುದು. ನಡೆಯುತ್ತಾ ನೆಲ ಮಾತ್ರ ನೋಡುವುದು. ಏನಾದರೂ ಕಂಡರೆ ಕೈ ಎತ್ತುವುದು, ಎಲ್ಲರೂ ನಿಲ್ಲುವುದು, ಫೋಟೊ, ಜಿಪಿಎಸ್, ಒಂದು ಸಾಲು ಟಿಪ್ಪಣಿ. ಎತ್ತಿಕೊಂಡು ಹೋಗುವ ಹಾಗಿಲ್ಲ. ಅಗೆಯುವುದಂತೂ ಕೇಳಲೇಬೇಡಿ, ಅದಕ್ಕೆ ಪುರಾತತ್ತ್ವ ಇಲಾಖೆಯ ಲೈಸೆನ್ಸ್ ಬೇಕು. ನಮ್ಮಲ್ಲಿದ್ದ ಒಂದೇ ಕರಣೆಯನ್ನು ನಾವು ಬಳಸಿದ್ದು ಜೀಪಿನ ಚಕ್ರ ಕೆಸರಿನಿಂದ ಎತ್ತಲು.

ತಂಡದ ಹಿರಿಯರನ್ನು ನಾವು ಸಾರ್ ಅಂತಲೇ ಕರೆಯುತ್ತಿದ್ದೆವು. ಎಲ್ಲಿ ನೋಡಬೇಕು ಅಂತ ಕಲಿಸಿದ್ದು ಅವರೇ. ಬಿದ್ದ ಗೇರುಮರದ ಬೇರಿನಡಿ ನೋಡು. ಹುತ್ತದ ಬುಡ ನೋಡು, ಗೆದ್ದಲು ಕೆಳಗಿನ ಮಣ್ಣನ್ನು ಮೇಲೆ ತಂದಿರುತ್ತದೆ. ಹೆಗ್ಗಣದ ಬಿಲದ ಬಾಯಿ ನೋಡು. ಬಟ್ಟೆ ಒಗೆಯುವ ಕಲ್ಲು, ಕೊಟ್ಟಿಗೆಯ ಮೆಟ್ಟಿಲು ಮಗುಚಿ ನೋಡು, ಅಕ್ಷರ ಇದ್ದರೂ ಇರಬಹುದು. ಈ ಕಡೆಯ ಪ್ರಸಿದ್ಧ ತುಳು ಶಾಸನ ಕುಂಬಳೆ ಹತ್ತಿರದ ಅನಂತಪುರದ್ದು. ಅದು ದೇವಸ್ಥಾನದ ಆಶ್ರಯದಲ್ಲಿ ಉಳಿಯಿತು. ಎಲ್ಲ ಕಲ್ಲಿಗೂ ಆ ಪುಣ್ಯ ಎಲ್ಲಿಂದ?

ನಾವು ಮುಖ್ಯವಾಗಿ ಹುಡುಕುತ್ತಿದ್ದದ್ದು ಕಲ್ಲುಗೋರಿಗಳನ್ನು. ನೀಲೇಶ್ವರದ ಆಚೆ ಉಮ್ಮಿಚಿಪೊಯಿಲ್, ಪಿಲಿಕ್ಕೋಡು ಕಡೆ ಮುರಕಲ್ಲನ್ನು, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲನ್ನು, ಕೊರೆದು ಮಾಡಿದ ಗೋರಿಗಳು ಸಿಕ್ಕಿವೆ. ಮಲಯಾಳದಲ್ಲಿ ಚೆಂಕಲ್ಲರ ಅನ್ನುತ್ತಾರೆ, ನಮ್ಮ ಕಡೆ ಪಾಂಡವರ ಗುಹೆ. ಎರಡು ಸಾವಿರ ವರ್ಷದಷ್ಟು ಹಳೆಯವು. ಬಂಡೆಯಲ್ಲಿ ಇಳಿಯಲು ಒಂದು ಹೊಂಡ, ಹೊಂಡದ ಒಂದು ಗೋಡೆಯಲ್ಲಿ ಚೌಕಟ್ಟಿನ ಒಳಗೆ ಚೌಕಟ್ಟು ಕೊರೆದ ಪುಟ್ಟ ಬಾಗಿಲು, ಒಳಗೆ ಕವುಚಿಟ್ಟ ಬಟ್ಟಲಿನ ಹಾಗೆ ಗುಂಡಗಿನ ಕೋಣೆ. ಕೆಲವಕ್ಕೆ ನೆತ್ತಿಯಲ್ಲಿ ಒಂದು ದುಂಡು ತೂತು, ಅದಕ್ಕೆ ಕಲ್ಲಿನ ಮುಚ್ಚಳ. ಒಳಗೆ ಕಪ್ಪು-ಕೆಂಪು ಮಡಕೆಗಳು, ನಾಲ್ಕು ಕಾಲಿನ ಪಾತ್ರೆ, ತುಕ್ಕು ಹಿಡಿದ ಕಬ್ಬಿಣ. ಕಬ್ಬಿಣದ ಉಳಿಯಿಂದ ಇಷ್ಟು ನಯವಾಗಿ ಕೊರೆಯಲು ಆಗುವುದಕ್ಕೆ ಕಾರಣ ಈ ಕಲ್ಲಿನ ಗುಣ. ನೆಲದಲ್ಲಿ ಇರುವಾಗ ಮೆದು, ಗಾಳಿ ತಾಗಿದ ಮೇಲೆ ಗಟ್ಟಿ. ಫ್ರಾನ್ಸಿಸ್ ಬುಕಾನನ್ ಎಂಬ ಬ್ರಿಟಿಷ್ ಅಧಿಕಾರಿ ಮಲಬಾರಿನ ಅಂಗಾಡಿಪುರದಲ್ಲಿ ಈ ಕಲ್ಲು ನೋಡಿ ಲ್ಯಾಟರೈಟ್ ಅಂತ ಹೆಸರಿಟ್ಟ. ಲ್ಯಾಟಿನ್ನಿನಲ್ಲಿ ಇಟ್ಟಿಗೆ ಎಂಬ ಅರ್ಥವಂತೆ. ಇಟ್ಟಿಗೆಯ ಹಾಗೆ ಕಡಿದು ಮನೆ ಕಟ್ಟುತ್ತಿದ್ದವರು ನಾವು, ಹೆಸರಿನ ಪುಣ್ಯ ಅವನಿಗೆ.

ನಡೆದದ್ದಕ್ಕಿಂತ ಜನರ ಹತ್ತಿರ ಮಾತಾಡಿದ್ದೇ ಜಾಸ್ತಿ. ಅದು ಸುಲಭವಾಗಿರಲಿಲ್ಲ. ಎಣ್ಮಕಜೆ ಕಡೆಯ ಒಂದು ಅಂಗಳದಲ್ಲಿ ನಾವು ಫೈಲು ತೆಗೆದ ಕೂಡಲೇ ಮನೆಯಾಕೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆಮೇಲೆ ಕಿಟಕಿಯಿಂದ ಕೇಳಿದರು, "ಇದು ಎಷ್ಟನೇ ಸರ್ವೆ?" ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಜಾಸ್ತಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಊರುಗಳಿವು. ರಕ್ತ ತೆಗೆದುಕೊಂಡು ಹೋದವರು, ಫೋಟೊ ತೆಗೆದವರು, ಫಾರಂ ತುಂಬಿಸಿದವರು, ಎಲ್ಲರನ್ನೂ ನೋಡಿದ್ದಾರೆ. ನಾವು ಹಳೆ ಮಡಕೆ ಚೂರು ಹುಡುಕುತ್ತಿದ್ದೇವೆ ಅಂತ ಹೇಳಲು ನನಗೆ ನಾಚಿಕೆಯಾಯಿತು. ಸಾರ್‌ಗೆ ತರ್ಜುಮೆ ಮಾಡದೆ ಸುಮ್ನೆ ಹೊರಟು ಬಂದೆ.

ಇನ್ನು ಕೆಲವರಿಗೆ ನಾವು ನಿಧಿ ಹುಡುಕುವವರು. ಅದಕ್ಕೆ 2024ರ ಜುಲೈಯ ಕಥೆಯೂ ಸೇರಿಕೊಂಡಿತ್ತು. ಕಣ್ಣೂರಿನ ಚೆಂಗಳಾಯಿಯಲ್ಲಿ ರಬ್ಬರ್ ತೋಟದಲ್ಲಿ ಮಳೆನೀರಿನ ಗುಂಡಿ ತೋಡುತ್ತಿದ್ದ ಉದ್ಯೋಗಖಾತ್ರಿಯ ಹೆಂಗಸರಿಗೆ ಚಿನ್ನದ ಪದಕ, ಮುತ್ತು, ನಾಣ್ಯಗಳ ಪಾತ್ರೆ ಸಿಕ್ಕಿತ್ತು. ಮೊದಲು ಬಾಂಬ್ ಇರಬೇಕು ಅಂತ ಹೆದರಿದರಂತೆ. ಆಮೇಲೆ ಪೊಲೀಸರಿಗೆ ಒಪ್ಪಿಸಿದರು. ನಾವು ಹೋದಲ್ಲೆಲ್ಲ ಒಬ್ಬರಾದರೂ ನನ್ನನ್ನು ಬದಿಗೆ ಕರೆದು ಕೇಳುತ್ತಿದ್ದರು, "ಮಿಷನ್ ಉಂಟಾ ಮಾರಾಯ್ರೆ ನಿಮ್ಮ ಹತ್ರ?" ಲೋಹ ಹುಡುಕುವ ಮಿಷನ್ ಇರಲಿಲ್ಲ. ಇದ್ದರೂ ಇಷ್ಟೊಂದು ಕಬ್ಬಿಣದ ಅಂಶ ಇರುವ ಈ ಕೆಂಪು ನೆಲದಲ್ಲಿ ಅದು ಎಲ್ಲ ಕಡೆಯೂ ಕಿರುಚುತ್ತಿತ್ತೇನೋ.

ನಮಗೆ ಸಿಕ್ಕ ನಿಜವಾದ ಮಿಷನ್ ಒಬ್ಬ ಕಲ್ಲು ಕಡಿಯುವ ಕೆಲಸಗಾರ. ಪಣೆಯಲ್ಲಿ, ಅಂದರೆ ಕಲ್ಲಿನ ಕೋರೆಯಲ್ಲಿ, ಮೂವತ್ತು ವರ್ಷ ದುಡಿದವರು. ಅವರು ಕಬ್ಬಿಣದ ಹಾರೆಯನ್ನು ಎತ್ತಿ ನೆಲಕ್ಕೆ ಕುಟ್ಟಿ, ತಲೆ ಓರೆ ಮಾಡಿ ಕೇಳುತ್ತಿದ್ದರು. ಗಟ್ಟಿ ಇದ್ದರೆ ಟಣ್. ಒಳಗೆ ಪೊಳ್ಳು ಇದ್ದರೆ ಡಬ್. ಸಾರ್ ಅವರನ್ನು ಎರಡು ದಿನ ಕೂಲಿ ಕೊಟ್ಟು ಜೊತೆಗೆ ಕರೆದುಕೊಂಡರು.

ಎರಡನೇ ದಿನ ಮಧ್ಯಾಹ್ನ, ಪದವಿನ ಅಂಚಿನಲ್ಲಿ ಒಂದು ಅಡಿಕೆ ತೋಟದ ಮೇಲ್ಭಾಗದಲ್ಲಿ, ಹಾರೆ ಡಬ್ ಅಂದಿತು. ನಾಲ್ಕು ಹೆಜ್ಜೆ ಆಚೆ ಮತ್ತೆ ಡಬ್. ತರಗೆಲೆ ಸರಿಸಿದರೆ ದುಂಡಗಿನ ಒಂದು ತೂತು, ಮೇಲೆ ಚಪ್ಪಟೆ ಕಲ್ಲು. ಕಲ್ಲು ಸರಿಸಿ ಟಾರ್ಚ್ ಬಿಟ್ಟರೆ ಕೆಳಗೆ ಕತ್ತಲೆ, ತಣ್ಣನೆ ಗಾಳಿ. ಸಾರ್ ಮುಖ ನೋಡಬೇಕಿತ್ತು. ಮಂಡಿಯೂರಿ ಕೂತುಬಿಟ್ಟರು. ನೆತ್ತಿಯ ತೂತು, ಮುಚ್ಚಳ, ಪೊಳ್ಳು, ಎಲ್ಲ ಲೆಕ್ಕ ಸರಿಯಾಗಿತ್ತು. ಒಬ್ಬ ಹುಡುಗ ಆಗಲೇ ಸ್ಕೇಲ್ ಇಟ್ಟು ಫೋಟೊ ತೆಗೆಯುತ್ತಿದ್ದ. ರಸ್ತೆಯ ನಡುಗೆರೆಯಿಂದ ಆರೇ ಮೀಟರ್. ನನ್ನ ಹೆಸರು ವರದಿಯಲ್ಲಿ ಬರುತ್ತದಾ ಅಂತ ನಾನೂ ಒಳಗೊಳಗೇ ಲೆಕ್ಕ ಹಾಕಿದೆ. ಸುಳ್ಳು ಯಾಕೆ ಹೇಳಲಿ?

ಅಷ್ಟರಲ್ಲಿ ತೋಟದ ಕೆಳಗಿನಿಂದ ಒಬ್ಬ ಅಜ್ಜ ಬಂದರು. ಹೆಗಲಿಗೆ ಬೈರಾಸು, ಕೈಯಲ್ಲಿ ಕತ್ತಿ.

"ಎಂತ ನೋಡ್ತಾ ಇದ್ದೀರಿ?"

"ಪಾಂಡವರ ಗುಹೆ ಅಂತ ಕಾಣ್ತದೆ ಅಜ್ಜ," ಅಂದೆ.

ಅವರು ತೂತಿನ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದರು. "ಪಾಂಡವರದ್ದಲ್ಲ. ನಮ್ಮಪ್ಪಂದು. ಸುರಂಗದ ಗಾಳಿಕಿಂಡಿ. ಕಲ್ಲು ಮುಚ್ಚಿ, ಮಗುವೋ ಹಸುವೋ ಬಿದ್ದರೆ?"

ಕಲ್ಲು ಮುಚ್ಚಿದೆವು. ಸಾರ್‌ಗೆ ಮಲಯಾಳದಲ್ಲಿ ಹೇಳಿದಾಗ ಅವರು ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ ನೆಲಕ್ಕೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು.

ಸುರಂಗ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ನಮ್ಮಲ್ಲಿ ಬಾವಿ ಅಡ್ಡಕ್ಕೆ ಮಲಗಿರುತ್ತದೆ. ಗುಡ್ಡೆಯ ಪಕ್ಕಕ್ಕೆ ಮುರಕಲ್ಲಿನಲ್ಲಿ ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಅಗಲ, ಎತ್ತರ ಇಟ್ಟುಕೊಂಡು ಕೊರೆಯುತ್ತಾ ಹೋಗುವುದು. ನೆಲ ಬಾಯಿಯ ಕಡೆಗೆ ಸ್ವಲ್ಪ ಇಳಿಜಾರಾಗಿರಬೇಕು, ನೀರು ತಾನಾಗಿ ಹೊರಗೆ ಬರಲು. ಪಂಪು ಬೇಡ, ಕರೆಂಟು ಬೇಡ. ಒಬ್ಬ ಒಳಗೆ ಕೂತು ಸಣ್ಣ ಪಿಕ್ಕಾಸಿನಲ್ಲಿ ಕೊರೆಯುವುದು, ಇನ್ನೊಬ್ಬ ಮಣ್ಣು ಹೊರುವುದು. ಬೆಳಕಿಗೆ ದೀಪ. ದೀಪ ಮಂಕಾದರೆ ಉಸಿರಿನ ಗಾಳಿ ಮುಗಿಯುತ್ತಿದೆ ಅಂತ ಅರ್ಥ, ಹೊರಗೆ ಬರಬೇಕು. ಉದ್ದ ಜಾಸ್ತಿಯಾದರೆ ಮೇಲಿನಿಂದ ಗಾಳಿಕಿಂಡಿ ತೋಡುತ್ತಾರೆ. ನಾವು ಕಂಡದ್ದು ಅದನ್ನು. ಬಾಯಾರು, ಬೇಳ, ಎಣ್ಮಕಜೆ, ಪಡ್ರೆ ಕಡೆ ಸುರಂಗ ಇಲ್ಲದ ಹಳೆ ತೋಟ ಅಪರೂಪ. ನೀರು ಸಿಕ್ಕೀತು ಎಂಬ ಧೈರ್ಯದ ಮೇಲೆ ತಿಂಗಳುಗಟ್ಟಲೆ ಕೊರೆದು, ನೀರು ಸಿಕ್ಕದೆ ಬಿಟ್ಟವೂ ಬೇಕಾದಷ್ಟಿವೆ.

ಅಜ್ಜನ ಸುರಂಗದ ನೀರು ಅವರ ಮನೆಗೆ, ತಮ್ಮನ ಮನೆಗೆ, ಕೆಳಗಿನ ಇನ್ನೊಂದು ಮನೆಗೆ ಹೋಗುತ್ತದೆ. ಮೇ ತಿಂಗಳಲ್ಲೂ ಬೆರಳು ಗಾತ್ರದಲ್ಲಿ ಬರುತ್ತದೆ ಅಂದರು. ಮಜ್ಜಿಗೆ ಕೊಟ್ಟರು. ಕುಡಿಯುತ್ತಾ ನಾನು ಫಾರಂ ತೆಗೆದೆ. ಕಾಲಂಗಳು ಹೀಗಿದ್ದವು: ಸಂರಕ್ಷಿತ ಸ್ಮಾರಕ, ಅಸಂರಕ್ಷಿತ ಪುರಾತನ ತಾಣ, ಪೂಜಾಸ್ಥಳ, ಸ್ಮಶಾನ, ಇತರೆ. ಸುರಂಗ ಯಾವುದರಲ್ಲಿ ಬರುತ್ತದೆ?

ಪೂಜಾಸ್ಥಳದ ಕಾಲಂಗೆ ಅಂತೂ ತೊಂದರೆಯೇ ಇರಲಿಲ್ಲ. ಅದೇ ಗೆರೆಯ ಮೇಲೆ, ಕಾಸರ್ಕದ ಮರದ ಬುಡದಲ್ಲಿ ಗುಳಿಗ ದೈವದ ಕಲ್ಲು ಇತ್ತು. ಒಂದು ಮೊಳದ ಕಲ್ಲು, ಮೇಲೆ ಹೂವು. ಎಂಜಿನಿಯರ್ ಅದನ್ನು ನೋಡಿದ ದಿನವೇ ಗೆರೆ ಪಕ್ಕಕ್ಕೆ ಸರಿಯಿತು. ಯಾರೂ ಅರ್ಜಿ ಕೊಡಲಿಲ್ಲ, ಯಾರೂ ಕಾಯ್ದೆ ಹೇಳಲಿಲ್ಲ. ಗುಳಿಗನಿಗೆ ಇರುವ ಭಯಭಕ್ತಿಯಲ್ಲಿ ಕಾಲು ಭಾಗ 1958ರ ಕಾಯ್ದೆಗೆ ಇದ್ದಿದ್ದರೆ ಸಾಕಿತ್ತು ಅಂತ ಸಾರ್ ಗೊಣಗಿದರು.

ಆ ರಾತ್ರಿ ಲಾಡ್ಜಿನಲ್ಲಿ ಅವರು ಇಂಗ್ಲೆಂಡಿನ ಮಾತು ತೆಗೆದರು. ಅಲ್ಲಿ ಕೇಂಬ್ರಿಜ್ ಮತ್ತು ಹಂಟಿಂಗ್ಡನ್ ನಡುವಿನ ಎ14 ರಸ್ತೆಯ ಕೆಲಸಕ್ಕೆ ಮೊದಲು ಸುಮಾರು 250 ಪುರಾತತ್ತ್ವಜ್ಞರು ಸೇರಿ ಅಗೆದರಂತೆ, ಖರ್ಚು ರಸ್ತೆಯ ಬಜೆಟ್ಟಿನದ್ದೇ. ನಾವು ಐದು ಜನ, ಬಾಡಿಗೆ ಜೀಪು, ಅದರ ಹಿಂದಿನ ಬಾಗಿಲಿಗೆ ತೆಂಗಿನ ಹಗ್ಗ. ಎಲ್ಲರೂ ನಕ್ಕೆವು. ಆದರೆ ಹಗ್ಗ ಬಿಚ್ಚಿ ಬಾಗಿಲು ತೆರೆಯುವಾಗೆಲ್ಲ ನನಗೆ ಆ 250 ನೆನಪಾಗುತ್ತಿತ್ತು.

ನಿಜವಾದ ಗೋರಿಯೂ ಸಿಕ್ಕಿತು. ಸಿಕ್ಕಿತು ಅನ್ನುವುದು ತಪ್ಪು, ಅದು ಎಂದೋ ಹೋಗಿತ್ತು. ಹಾರೆಯವರೇ ನಮ್ಮನ್ನು ತಾವು ಹಿಂದೆ ಕೆಲಸ ಮಾಡಿದ್ದ ಒಂದು ಪಣೆಗೆ ಕರೆದುಕೊಂಡು ಹೋದರು. ಕಡಿದ ಗೋಡೆಯಲ್ಲಿ, ತಲೆ ಎತ್ತರದಲ್ಲಿ, ಅರ್ಧ ಕಲ್ಲಂಗಡಿ ಕೊಯ್ದ ಹಾಗೆ ಒಂದು ಗುಂಡು ಗುಳಿ. ಉಳಿಯ ಗುರುತು ಗೋಡೆಯಲ್ಲಿ ಸ್ಪಷ್ಟವಾಗಿತ್ತು. ಉಳಿದ ಅರ್ಧ ಮಿಷನ್ನಿನ ಬ್ಲೇಡಿಗೆ ಸಿಕ್ಕಿ ಕಲ್ಲುಗಳಾಗಿ ಲಾರಿ ಹತ್ತಿತ್ತು. ಒಳಗಿದ್ದ ಮಡಕೆಗಳನ್ನು ಏನು ಮಾಡಿದಿರಿ ಅಂತ ಕೇಳಿದೆ. "ಭೂತದ್ದಿರಬೇಕು ಅಂತ ಆಚೆ ತೋಡಿಗೆ ಹಾಕಿದೆವು, ಯಾರೂ ಮುಟ್ಟಲಿಲ್ಲ," ಅಂದರು. ತೋಡಿನ ಬದಿಯಲ್ಲಿ ಒಂದು ಗಂಟೆ ಹುಡುಕಿ ಏಳು ಚೂರು ಕಂಡೆವು. ಒಳಮೈ ಕಪ್ಪು, ಹೊರಮೈ ಕೆಂಪು, ತೆಳ್ಳಗೆ. ಒಂದನ್ನು ಬೆರಳಿನಲ್ಲಿ ಸವರಿದರೆ ಈಗಲೂ ನುಣುಪು. ಫೋಟೊ ತೆಗೆದು ಇದ್ದಲ್ಲೇ ಇಟ್ಟು ಬಂದೆವು, ಇಲಾಖೆಗೆ ಪತ್ರ ಬರೆದೆವು. ರಸ್ತೆಯಿಂದ 400 ಮೀಟರ್ ದೂರ. ಅಂದರೆ ನಮ್ಮ ವರದಿಯ ಲೆಕ್ಕದಲ್ಲಿ ಅದು ಯೋಜನೆಗೆ ಸಂಬಂಧಿಸಿದ್ದಲ್ಲ.

ಏಪ್ರಿಲ್ ಮೊದಲ ವಾರ ವರದಿ ಬರೆಯಲು ಕೂತೆವು. ಸುರಂಗದ್ದೇ ತಕರಾರು. ಸಾರ್‌ಗೆ ಅದನ್ನು ಪಾರಂಪರಿಕ ರಚನೆ ಅಂತ ಹಾಕಲು ಮನಸ್ಸು. ನನಗೂ ಅಷ್ಟೆ. ಅಜ್ಜನಿಗೆ ಹೇಳೋಣ ಅಂತ ಹೋದೆ. ಅವರು ಪೂರ್ತಿ ಕೇಳಿ, "ಹಾಗೆ ಬರೆದರೆ ರಸ್ತೆ ಆಚೆ ಹೋಗ್ತದಾ?" ಅಂದರು.

"ಗ್ಯಾರಂಟಿ ಇಲ್ಲ ಅಜ್ಜ. ಸಂರಕ್ಷಿತ ಅಲ್ಲವಲ್ಲ."

"ದುಡ್ಡು ಸಿಗ್ತದಾ?"

ಅದಕ್ಕೂ ನನ್ನಲ್ಲಿ ಉತ್ತರ ಇರಲಿಲ್ಲ. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಜಾಗದ ಜೊತೆಗೆ ಅದರಲ್ಲಿರುವ ಕಟ್ಟಡ, ಇತರ ಆಸ್ತಿಗಳಿಗೂ ಬೆಲೆ ಕಟ್ಟುತ್ತಾರೆ. ಬಾವಿಗೆ ಹೇಗೆ ಬೆಲೆ ಕಟ್ಟುವುದು ಅಂತ ಎಂಜಿನಿಯರುಗಳಿಗೆ ಗೊತ್ತು. ಇಷ್ಟು ಸುತ್ತಳತೆ, ಇಷ್ಟು ಆಳ, ಇಷ್ಟು ರೂಪಾಯಿ.

"ಹಾಗಾದರೆ ಬಾವಿ ಅಂತಲೇ ಬರೀರಿ ಮಾರಾಯ್ರೆ," ಅಂದರು ಅಜ್ಜ. "ನಿಮಗೆ ಅದು ಹಳೆ ವಸ್ತು. ನಮಗೆ ನೀರು."

ಎರಡೂ ಬರೆದೆವು. 'ಇತರೆ' ಕಾಲಂನಲ್ಲಿ ಅರ್ಧ ಪುಟದ ಟಿಪ್ಪಣಿ: ಕೈಯಿಂದ ಕೊರೆದ ಸುರಂಗ, ಬಳಕೆಯಲ್ಲಿದೆ, ಮೂರು ಮನೆಗೆ ನೀರಿನ ಮೂಲ, ಗಾಳಿಕಿಂಡಿ ಒಂದು, ರಸ್ತೆಯ ನಡುಗೆರೆ ಅದರ ನೆತ್ತಿಯ ಮೇಲೆ ಹಾದುಹೋಗುತ್ತದೆ, ಭಾರದ ವಾಹನ ಓಡಿದರೆ ಕುಸಿಯಬಹುದು. ನಕ್ಷೆಯಲ್ಲಿ ಚುಕ್ಕೆ ಗೆರೆಯಲ್ಲಿ ಗುರುತು ಹಾಕಿದೆ. ಒಳ್ಳೆಯ ಕೆಲಸ ಮಾಡಿದೆ ಅಂತ ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಕಂಪನಿ ಕಳಿಸಿದ ಕೊನೆಯ ಪ್ರತಿ ಮೂರು ತಿಂಗಳ ಮೇಲೆ ಕೈಗೆ ಬಂತು. ಪುರಾತನ ತಾಣಗಳ ಅಧ್ಯಾಯ ನಾಲ್ಕು ಪುಟಕ್ಕೆ ಇಳಿದಿತ್ತು. ಸುರಂಗ ಅಲ್ಲಿ ಇರಲಿಲ್ಲ. ಹುಡುಕಿ ಹುಡುಕಿ ಕೊನೆಗೆ ಜಲಮೂಲಗಳ ಪಟ್ಟಿಯಲ್ಲಿ ಸಿಕ್ಕಿತು: 'ಬಾವಿ, 1. ಆಳ 9 ಮೀ.' ಗಾಳಿಕಿಂಡಿಯನ್ನೇ ಬಾವಿ ಮಾಡಿದ್ದರು. ಅಡ್ಡಕ್ಕೆ ಹೋದ ಸುರಂಗ ಯಾವ ಪಟ್ಟಿಯಲ್ಲೂ ಇಲ್ಲ. ಆ ಬಾವಿಯಲ್ಲಿ ಒಂದು ಕೊಡ ನೀರೂ ಸಿಗುವುದಿಲ್ಲ, ಅದು ಬರೀ ಗಾಳಿಗೆ ಇರುವ ತೂತು. ಫೋನ್ ಮಾಡಿದೆ. ಟೆಂಪ್ಲೇಟಿನಲ್ಲಿ ಅಡ್ಡ ಬಾವಿಗೆ ಜಾಗ ಇಲ್ಲ ಅಂದರು. ತುಂಬಾ ಮರ್ಯಾದೆಯಿಂದಲೇ ಹೇಳಿದರು.

ಒಂದು ಭಾನುವಾರ ಅಜ್ಜನ ಮನೆಗೆ ಹೋಗಿ ವಿಷಯ ಹೇಳಿದೆ. ಪ್ರಾಥಮಿಕ ಅಧಿಸೂಚನೆ ಬಂದ ಮೇಲೆ ಆಕ್ಷೇಪ ಹಾಕಲು 60 ದಿನ ಸಮಯ ಇದೆ, ಆಗ ಸರಿಯಾದ ಅಳತೆ ಕೈಯಲ್ಲಿರಬೇಕು ಅಂದೆ. ಸುರಂಗ ಎಷ್ಟು ಉದ್ದ ಅಂತ ಕೇಳಿದರೆ ಅವರಿಗೂ ಗೊತ್ತಿಲ್ಲ. "ಅಪ್ಪ ಕೋಲಿನ ಲೆಕ್ಕ ಹೇಳ್ತಿದ್ದರು, ಮರೆತುಹೋಗಿದೆ."

ಮೀಟರ್ ಟೇಪು ನನ್ನ ಚೀಲದಲ್ಲೇ ಇತ್ತು. ಅಜ್ಜನ ಮೊಮ್ಮಗ ಟಾರ್ಚ್ ಹಿಡಿದು ಮುಂದೆ, ನಾನು ಟೇಪು ಹಿಡಿದು ಹಿಂದೆ. ಮೊಣಕಾಲಿನವರೆಗೆ ತಣ್ಣೀರು, ತಲೆಗೆ ತಾಗುವ ಕಲ್ಲು, ಎರಡು ಕಡೆ ಭುಜ ಉಜ್ಜುತ್ತದೆ. ಬಾವಲಿಗಳು ಮುಖದ ಪಕ್ಕದಲ್ಲೇ ಹಾರಿದವು. ಗೋಡೆ ತುಂಬ ಪಿಕ್ಕಾಸಿನ ಗೀರು, ಒಂದೊಂದೂ ಬೆರಳಿನ ಉದ್ದ. ಅಲ್ಲಲ್ಲಿ ದೀಪ ಇಡಲು ಕೊರೆದ ಪುಟ್ಟ ಗೂಡು, ಒಳಗೆ ಮಸಿ. ಗಾಳಿಕಿಂಡಿಯ ಕೆಳಗೆ ಬಂದಾಗ ಮೇಲಿನ ಕಲ್ಲಿನ ಸಂದಿನಿಂದ ಒಂದು ಗೆರೆ ಬೆಳಕು ನೀರಿಗೆ ಬಿದ್ದಿತ್ತು. ಅಲ್ಲಿಂದಲೂ ಮುಂದೆ ಹೋಯಿತು.

ಹೊರಗೆ ಬಂದು ಲೆಕ್ಕ ಕೂಡಿಸಿದೆವು. 71 ಮೀಟರ್. ಅಜ್ಜ ಕೊಟ್ಟಿಗೆಯ ಗೋಡೆಯ ಮೇಲೆ, ಹಸು ಕರು ಹಾಕಿದ ತಾರೀಕುಗಳ ಕೆಳಗೆ, ಇದ್ದಿಲಿನಲ್ಲಿ ದೊಡ್ಡದಾಗಿ ಬರೆದರು. ಪಕ್ಕದಲ್ಲಿ ನನ್ನ ಹತ್ತಿರ ರುಜು ಹಾಕಿಸಿಕೊಂಡರು.